ಬಾಚಣಿಗೆ ದಿಬ್ಬದ ಮೇಲೊಬ್ಬ ಗಂಡಸು

ಮೂರನೇ ಸಲ ನನ್ನ ತಲೆಯನ್ನು ತೊಟ್ಟಿಯೊಳಗೆ ಅದುಮಿದಾಗ ಒಂದು ಲಾಬ್‌ಸ್ಟರ್ ನನ್ನ ಮೂಗಿನ ಹತ್ತಿರವೇ ಬಂದು ಮೀಸೆ ಆಡಿಸಿತು.

ಪಾಪ, ಮಧ್ಯಾಹ್ನದ ಊಟದ ಪಟ್ಟಿಯಲ್ಲಿ ಅದೂ ಇತ್ತು!

ಮೂವತ್ತರವರೆಗೆ ಎಣಿಸಿದೆ... ನಲವತ್ತು... ಎದೆ ಒಡೆಯುವ ಹೊತ್ತಿಗೆ ಗೂಶಿ ನನ್ನ ಕೂದಲು ಹಿಡಿದು ಮೇಲಕ್ಕೆಳೆದ. ಗೂಶಿಗೆ ಕತ್ತಿಲ್ಲ. ದೇವರು ಅವನ ತಲೆಯನ್ನು ನೇರವಾಗಿ ಭುಜದ ಮೇಲೆ ಕೂರಿಸಿ ಕಳಿಸಿದ್ದಾನೆ. ಕೊಮೆಸುವಿನ ಹೋಟೆಲಿನಲ್ಲಿ ಅವನ ಕೆಲಸ ಸಾಮಾನು ಹೊರುವುದು. ಮನುಷ್ಯರೂ ಆ ಸಾಮಾನಿನಲ್ಲಿ ಸೇರುತ್ತಾರೆ.

ಕೊಮೆಸು ಒಲೆಯ ಪಕ್ಕ ಸ್ಟೂಲಿನ ಮೇಲೆ ಕೂತು ಸೋಬಾ ಶಾವಿಗೆ ಹೀರುತ್ತಿದ್ದ. ಅಡುಗೆಯವರನ್ನೆಲ್ಲ ಹೊರಗೆ ಕಳಿಸಿ ಆಗಿತ್ತು. ಬಟ್ಟಲಿನ ಮೇಲೆ ಚಿಟಿಕೆ ಹಿಪ್ಪಲಿ ಪುಡಿ ಉದುರಿಸಿದ, ರುಚಿ ನೋಡಿದ, ಇನ್ನೊಂದು ಚಿಟಿಕೆ ಉದುರಿಸಿದ.

"ಟೋಕು, ಆ ವಿಡಿಯೊ ಇನ್ನೂ ಯಾರ ಹತ್ರ ಇದೆ?"

ನಾನು ಕೆಮ್ಮಿದೆ. ಉತ್ತರಕ್ಕೆ ಅವಸರವಿರಲಿಲ್ಲ. ಗೋಡೆಯ ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. ಇನ್ನೂ ಸ್ವಲ್ಪ ಹೊತ್ತು ಅವನನ್ನು ಅಲ್ಲೇ ಕೂರಿಸಬೇಕಿತ್ತು.

ನನ್ನ ಕಸುಬು ಏನು ಅಂತ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಉಫುಜಿ ದ್ವೀಪ ವಿಮಾನ ನಿಲ್ದಾಣವಿರುವ ಇಶಿಗಾಕಿಯಿಂದ ಅರ್ಧ ಗಂಟೆಯ ಫೆರಿ. ನಿಮ್ಮಂಥವರು ರಜೆ ಕಳೆಯಲು ಬರುತ್ತೀರಿ. ಬರುವಾಗ ಬೆರಳಲ್ಲಿ ಉಂಗುರ ಇರುತ್ತದೆ, ಹೋಗುವಾಗ ಇರುವುದಿಲ್ಲ. ಬರುವಾಗ ಪಕ್ಕದಲ್ಲಿ ಗಂಡ ಇರುತ್ತಾನೆ, ಹೋಗುವಾಗ ಅವನೂ ಇರುವುದಿಲ್ಲ! ಇಂಥದ್ದನ್ನೆಲ್ಲ ಸದ್ದಿಲ್ಲದೆ ಹುಡುಕಿ ಕೊಡುವವನು ನಾನು. ಮೊದಲು ಕರಾವಳಿ ಕಾವಲು ಪಡೆಯಲ್ಲಿದ್ದೆ. ಮೇಲಧಿಕಾರಿಯ ಎರಡು ಹಲ್ಲು ಉದುರಿಸಿ ಹೊರಬಿದ್ದೆ.

ಕಳೆದ ವರ್ಷ ನನ್ನ ತಂಗಿಯನ್ನು ಮಾತ್ರ ಹುಡುಕಲಾಗಲಿಲ್ಲ. ನಾಲ್ಕನೇ ದಿನ ಕಡಲೇ ತಂದು ಕೊಟ್ಟಿತು.

ಮಿಸುಜು. ಇಪ್ಪತ್ತೇಳು ವರ್ಷ. ಕೊಮೆಸುವಿನ ದೋಣಿಗಳಲ್ಲಿ ಗೈಡ್ ಆಗಿದ್ದಳು. ಪ್ರವಾಸಿಗಳನ್ನು ಹವಳದ ನಡುವೆ ಈಜಿಸಿ, ಮೀನು ತೋರಿಸಿ, ಹೆದರಿದವರ ಕೈ ಹಿಡಿದು ಕರೆತರುವ ಕೆಲಸ. ಅವಳು ಆ ದಿನ ದೋಣಿ ಹತ್ತಲೇ ಇಲ್ಲ ಅಂತ ಕೊಮೆಸು ಪೊಲೀಸರಿಗೆ ಹೇಳಿದ. ಬೆಳಿಗ್ಗೆಯೇ ಅವಾಮೊರಿ ಸಾರಾಯಿ ಕುಡಿದು ಒಬ್ಬಳೇ ಕಡಲಿಗಿಳಿದಳು ಅಂದ. ಖಾಲಿ ಬಾಟಲಿಯನ್ನೂ ತೋರಿಸಿದ. ಆ ದಿನದ ಪ್ರವಾಸಿಗಳೆಲ್ಲ ಅಷ್ಟರಲ್ಲಿ ಊರು ಬಿಟ್ಟಿದ್ದರು. ನಾನೂರು ಜನರ ದ್ವೀಪ ಇದು. ಕುಡಿದು ಸತ್ತಳು ಎನ್ನುವ ಮಾತು ಒಂದೇ ದಿನದಲ್ಲಿ ಎಲ್ಲರ ಮನೆ ಸುತ್ತಿ ಬಂತು. ಅಂದಿನಿಂದ ನಮ್ಮಮ್ಮ ಕಾಮಡೋಳ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಅವಳು ಒಳಗೆ ಕಾಲಿಟ್ಟರೆ ಹೆಂಗಸರು ದನಿ ತಗ್ಗಿಸುತ್ತಿದ್ದರು.

ಅವನು ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಗೊತ್ತಿತ್ತು. ತಂಗಿಗೆ ಅವಾಮೊರಿಯ ವಾಸನೆ ಕಂಡರೇ ಆಗುತ್ತಿರಲಿಲ್ಲ. ಆದರೆ ಅಣ್ಣನ ಮಾತಿಗೆ ಯಾರು ಬೆಲೆ ಕೊಡುತ್ತಾರೆ?

ಹೋದ ತಿಂಗಳು ತೈಚುಂಗ್‌ನಿಂದ ಒಂದು ಸಂದೇಶ ಬಂತು. ಹಿಂದೊಮ್ಮೆ ನಾನು ಉಂಗುರ ಹುಡುಕಿ ಕೊಟ್ಟಿದ್ದ ದಂಪತಿ. ಅವರ ರಜೆಯ ವಿಡಿಯೊ ಕಳಿಸಿದ್ದರು. ಎಮ್ಮೆ ಗಾಡಿ, ಕೆಂಪು ಹೆಂಚಿನ ಮನೆಗಳು, ಕಡಲ ದ್ರಾಕ್ಷಿ ಅನ್ನುವ ಪಾಚಿ ಬಾಯಿಗೆ ಹಾಕಿಕೊಂಡು ಮುಖ ಕಿವುಚುವ ಹೆಂಡತಿ... ಕೊನೆಯಲ್ಲಿ ದೋಣಿ ಹತ್ತುವ ಜೆಟ್ಟಿ. ನಮ್ಮಲ್ಲಿ ದೋಣಿ ಹತ್ತುವವರು ಚಪ್ಪಲಿಯನ್ನು ಜೆಟ್ಟಿಯ ಮೇಲಿನ ಬುಟ್ಟಿಯಲ್ಲಿ ಬಿಟ್ಟು ಬರಿಗಾಲಲ್ಲಿ ಹತ್ತಬೇಕು. ವಾಪಸ್ ಬಂದಾಗ ಬುಟ್ಟಿ ಖಾಲಿಯಾದರೆ ಎಲ್ಲರೂ ಬಂದರು ಅಂತ ಅರ್ಥ. ವಿಡಿಯೊದಲ್ಲಿ ನನ್ನ ತಂಗಿ ನಗುತ್ತ ಚಪ್ಪಲಿ ಬಿಚ್ಚಿ ಬುಟ್ಟಿಗೆ ಎಸೆದು ದೋಣಿಗೆ ಹಾರುತ್ತಾಳೆ. ತಾರೀಕು ಅದೇ. ಚಪ್ಪಲಿಯ ಮೇಲೆ ಅವಳೇ ಚಾಕುವಿನಿಂದ ಕೊರೆದ ಆಮೆ.

ಅಂದರೆ ಆ ಮಧ್ಯಾಹ್ನ ಬುಟ್ಟಿಯಲ್ಲಿ ಒಂದು ಜೊತೆ ಉಳಿದಿತ್ತು. ಕೊಮೆಸು ಅದನ್ನು ನೋಡಿದ್ದ. ನೋಡಿ, ಬಚ್ಚಿಟ್ಟಿದ್ದ.

ಅವಳು ಹತ್ತಿದ್ದು ವಿಡಿಯೊದಲ್ಲಿದೆ, ಬಿಟ್ಟುಬಂದದ್ದು ಇಲ್ಲ. ಅದನ್ನು ಅವನ ಬಾಯಿಂದಲೇ ಹೇಳಿಸಬೇಕಿತ್ತು. ಅವನೋ ಹೋಟೆಲು ಮಾರಿ, ಗಂಟುಮೂಟೆ ಕಟ್ಟಿ, ಇಶಿಗಾಕಿಯಿಂದ ಮೂರು ಗಂಟೆಯ ವಿಮಾನಕ್ಕೆ ಟಿಕೆಟ್ ತೆಗೆಸಿದ್ದ. ಹೊರಡುವ ತಾರೀಕು ಕೇಳಿದಾಗ ಅಮ್ಮನ ಹಳೇ ಪಂಚಾಂಗ ತೆಗೆದು ನೋಡಿದೆ. ಒಂದು ವರ್ಷದಲ್ಲಿ ಮೊದಲ ಸಲ ನನಗೆ ನಗು ಬಂತು.

ಅದಕ್ಕೇ ಈ ದಿನ ನಾನಾಗಿಯೇ ಅವನ ಅಡುಗೆಮನೆಗೆ ನಡೆದುಹೋಗಿ ಫೋನ್ ತೋರಿಸಿದ್ದು. ಫೋನ್ ಈಗ ತೊಟ್ಟಿಯ ತಳದಲ್ಲಿತ್ತು.

"ಬೊಗಳೋ," ಅಂದ ಗೂಶಿ.

"ಕರಾವಳಿ ಕಾವಲಿನವರ ಹತ್ರ ಇದೆ," ಅಂದೆ. "ಹನ್ನೆರಡೂವರೆ ಫೆರಿಗೆ ನಾಲ್ಕು ಜನ ಬರ್ತಿದ್ದಾರೆ. ನಿಮ್ಮ ಧಣಿಗೆ ಹಾರ ಹಾಕೋಕೆ."

ಶುದ್ಧ ಸುಳ್ಳು. ಆದರೆ ಕೊಮೆಸುವಿನ ಬಾಯಿಯ ಹತ್ತಿರ ಬಂದಿದ್ದ ಚಮಚ ಅಲ್ಲೇ ನಿಂತಿತು. ಅವನು ನಿಧಾನವಾಗಿ ಬಾಯಿ ಒರೆಸಿಕೊಂಡ. ಫೆರಿಯ ಜೆಟ್ಟಿಗೆ ಹೋಗುವುದು ಬೇಡ, ಪಡುವಣ ದಂಡೆಯಲ್ಲಿರುವ ತನ್ನ ದೋಣಿಯಲ್ಲೇ ಹೋಗುತ್ತೇನೆ ಅಂತ ಗೂಶಿಗೆ ಹೇಳಿದ. ನನ್ನ ಕಡೆ ನೋಡಲೂ ಇಲ್ಲ.

"ನಾನು ಹೋಗೋವರೆಗೂ ಇವನ ತಲೆ ನೀರಲ್ಲೇ ಇರಲಿ."

"ಹೋದ ಮೇಲೆ?"

"ಹೋದ ಮೇಲೂ."

ಬಾಗಿಲು ಬಡಿದುಕೊಂಡಿತು. ಗೂಶಿ ನಾಲ್ಕನೇ ಸಲ ಅದುಮಿದ. ಈ ಸಲ ಎಣಿಸಲಿಲ್ಲ. ಕೈಗೆ ಸಿಕ್ಕ ಲಾಬ್‌ಸ್ಟರನ್ನು ಬೆನ್ನಿನ ಮೇಲೆ ಹಿಡಿದು, ತಿರುಗಿ, ಮುಳ್ಳುಮೈ ಸಮೇತ ಅವನ ಮುಖಕ್ಕೆ ಬಾರಿಸಿದೆ. ಅದು ಅವನ ತುಟಿ ಕಚ್ಚಿತೋ, ಬಾಲದಿಂದ ಮೂಗಿಗೆ ಹೊಡೆಯಿತೋ, ನಾನು ನೋಡುತ್ತ ನಿಲ್ಲಲಿಲ್ಲ. ಸೋಬಾ ಬೇಯಿಸುವ ನೀರಿನ ಪಾತ್ರೆಯನ್ನು ಅವನ ಕಾಲ ಮೇಲೆ ಉರುಳಿಸಿ ಊಟದ ಹಾಲಿನ ಮೂಲಕ ಓಡಿದೆ. ತೊಟ್ಟಿಕ್ಕುವ ಗಂಡಸು, ಅವನ ಹಿಂದೆ ಮೂಗಿಗೆ ಲಾಬ್‌ಸ್ಟರ್ ತಗುಲಿಹಾಕಿಕೊಂಡು ಕುಂಟುವ ಇನ್ನೊಬ್ಬ ಗಂಡಸು. ಒಸಾಕಾದ ಮುದುಕಿಯರ ತಂಡವೊಂದು ಊಟದ ಜೊತೆ ನಾಟಕವೂ ಇದೆ ಅಂದುಕೊಂಡು ಚಪ್ಪಾಳೆ ತಟ್ಟಿತು.

ಬಾಡಿಗೆ ಸೈಕಲ್ ಒಂದನ್ನು ಎಳೆದುಕೊಂಡೆ. ಹಿಂದೆ ಗೂಶಿಯ ಪಿಕಪ್ ಗುರ್ ಅಂದಿತು. ಹವಳದ ಕಲ್ಲಿನ ಗೋಡೆಗಳ ನಡುವಿನ ಆ ಓಣಿಯಲ್ಲಿ ಪಿಕಪ್ ಬಂದರೆ ಬೆಕ್ಕು ನುಸುಳಲೂ ಜಾಗವಿಲ್ಲ. ಎದುರಿಗೆ ನಾವಾ ಅಜ್ಜನ ಎಮ್ಮೆ ಗಾಡಿ. ಅಜ್ಜ ಸಾನ್‌ಶಿನ್ ನುಡಿಸುತ್ತ ಹತ್ತು ಪ್ರವಾಸಿಗಳಿಗೆ ಹಾಡು ಕೇಳಿಸುತ್ತಿದ್ದ. ನಾನು ಸೈಕಲ್ ಸಮೇತ ಗೋಡೆಗೆ ಒರಗಿ ಗಾಡಿಯ ಪಕ್ಕದಿಂದ ಜಾರಿದೆ. ಅಜ್ಜ ನನ್ನ ಹರಿದ ಅಂಗಿ ನೋಡಿದ, ಹಿಂದೆ ಬರುತ್ತಿದ್ದ ಪಿಕಪ್ ನೋಡಿದ. ಹಾಡು ನಿಲ್ಲಿಸದೆ ಹಗ್ಗ ಜಗ್ಗಿ ಎಮ್ಮೆಯನ್ನು ಅಡ್ಡ ನಿಲ್ಲಿಸಿದ.

ಗೂಶಿ ಹಾರ್ನ್ ಹೊಡೆದ, ಬೈದ, ಇಳಿದು ಬಂದು ಗಾಡಿಗೆ ಒದ್ದ. ಅಜ್ಜ ಹೇಳಿದ್ದು ನನಗೆ ತಿರುವಿನಲ್ಲೂ ಕೇಳಿಸಿತು.

"ಉಚ್ಚೆ ಹೊಯ್ತಿದೆ ಮಾರಾಯ. ನಿನಗೆ ಅವಸರ ಅಂದ್ರೆ ಅದಕ್ಕೇನು ಗೊತ್ತು?"

ಪಡುವಣ ದಂಡೆ ತಲುಪಿದಾಗ ಹನ್ನೆರಡೂಕಾಲು. ಕೊಮೆಸು ಆಗಲೇ ಹಗ್ಗ ಬಿಚ್ಚಿ ಹೊರಟಿದ್ದ. ದಂಡೆಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ.

ಇರುವುದೂ ಇಲ್ಲ. ಹಳೇ ಪಂಚಾಂಗದ ಮೂರನೇ ತಿಂಗಳ ಮೂರನೇ ದಿನ ನಮ್ಮಲ್ಲಿ ಹೆಂಗಸರ ದಿನ. ಆ ದಿನ ಕಡಲು ವರ್ಷದಲ್ಲೇ ಅತಿ ಹೆಚ್ಚು ಇಳಿಯುತ್ತದೆ. ಊರಿನ ಹೆಂಗಸರು ಪಡುವಣ ಕಡಲಿಗಿಳಿದು ಕೈಕಾಲು ತೊಳೆದು, ವರ್ಷದ ಕೊಳೆ ಕಳೆದುಕೊಂಡು, ಬಾಚಣಿಗೆ ಅನ್ನುವ ಹವಳದ ದಿಬ್ಬದ ಮೇಲೆ ಚಿಪ್ಪು ಆರಿಸುತ್ತಾರೆ. ಗಂಡಸರು ಆ ಕಡೆ ಹೋಗುವಂತಿಲ್ಲ, ನೋಡುವಂತಿಲ್ಲ. ಊರೊಳಗೇ ಉಳಿದು ಕೆಂಪು ಅನ್ನ ತಿಂದು ನಿದ್ದೆ ಹೊಡೆಯಬೇಕು. ದೋಣಿಗಳಿಗೆ ರಜೆ. ಕೊಮೆಸು ಕೂಡ ಮೂವತ್ತು ವರ್ಷದಿಂದ ಆ ದಿನ ಟೂರ್ ನಿಲ್ಲಿಸುತ್ತಿದ್ದ. ಭಕ್ತಿಯಿಂದಲ್ಲ, ಮುದುಕಿಯರ ನಾಲಿಗೆಗೆ ಹೆದರಿ.

ಹಾಗಾಗಿ ಬಾಚಣಿಗೆಯ ನಡುವಿನ ನೀರಿನ ಓಣಿಯನ್ನು ಹತ್ತು ಸಾವಿರ ಸಲ ದಾಟಿದ ಕೊಮೆಸು, ಆ ಒಂದು ದಿನದ ಆ ಎರಡು ಗಂಟೆ ಅದು ಹೇಗಿರುತ್ತದೆ ಅಂತ ಒಮ್ಮೆಯೂ ನೋಡಿರಲಿಲ್ಲ. ಉಫುಜಿಯ ಯಾವ ಗಂಡಸೂ ನೋಡಿಲ್ಲ. ಇಳಿತ ಎಷ್ಟೇ ಇದ್ದರೂ ಮೊಣಕಾಲುದ್ದ ನೀರು ಇರುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ.

ನನಗೆ ಮಾತ್ರ ಗೊತ್ತಿತ್ತು. ಮಿಸುಜು ಹನ್ನೆರಡು ವರ್ಷದವಳಿದ್ದಾಗ ಕಟ್ಟಳೆ ಮುರಿದು ನನ್ನ ಕಿವಿಯಲ್ಲಿ ಹೇಳಿದ್ದಳು. ದೋಣಿ ಹೋಗೋ ಓಣಿಯಲ್ಲೇ ಕೂತು ನಾವು ಬುತ್ತಿ ಬಿಚ್ಚಿ ಉಂಡ್ವಿ ಅಣ್ಣಾ, ಅಂತ. ಹೇಳಿ, ಅಮ್ಮನಿಗೆ ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು.

ಹೋಟೆಲಿನ ಜೆಟ್ ಸ್ಕೀ ಒಂದನ್ನು ತಳ್ಳಿಕೊಂಡು ಹತ್ತಿದೆ. ಕೊಮೆಸು ಬಡಗಣ ಮೂಲೆ ಸುತ್ತಿ ಹೋದರೆ ಆಳದ ನೀರು, ಬಚಾವಾಗುತ್ತಾನೆ. ಅವನು ಆ ಕಡೆ ತಿರುಗಿಸದ ಹಾಗೆ ನೋಡಿಕೊಳ್ಳಬೇಕಿತ್ತು. ಅಡ್ಡ ಹಾಯ್ದು ಬಡಗಣ ದಾರಿಗೆ ನುಗ್ಗಿದೆ. ಅವನು ನನ್ನನ್ನು ನೋಡಿದ. ಚುಕ್ಕಾಣಿ ಬಿಟ್ಟು ಬಗ್ಗಿ ಮೀನು ಹೊಡೆಯುವ ಈಟಿಯ ಬಂದೂಕು ಎತ್ತಿಕೊಂಡ.

ಠಪ್!

ಎಡತೊಡೆಯಲ್ಲಿ ಬೆಂಕಿ ಬಿತ್ತು. ಈಟಿ ಮಾಂಸ ಸೀಳಿ ಸೀಟಿಗೆ ನಾಟಿಕೊಂಡಿತ್ತು. ಕಿತ್ತು ಎಸೆದೆ. ಹಲ್ಲು ಕಚ್ಚಿ ನೇರವಾಗಿ ಅವನ ಮೇಲೇ ನುಗ್ಗಿದೆ. ಅವನು ಮತ್ತೊಂದು ಈಟಿ ಹೂಡುವುದೋ ತಪ್ಪಿಸಿಕೊಳ್ಳುವುದೋ ಅಂತ ಒಂದು ಕ್ಷಣ ಯೋಚಿಸಿದ. ಆಮೇಲೆ ದೋಣಿಯನ್ನು ಎಡಕ್ಕೆ ತಿರುಗಿಸಿ ಎಂಜಿನ್ ಪೂರಾ ಬಿಟ್ಟ.

ಬಾಚಣಿಗೆಯ ಕಡೆಗೆ.

ಆ ಸದ್ದು ನನಗೆ ಈಗಲೂ ಹಿತವಾಗಿ ನೆನಪಿದೆ. ಮೊದಲು ಕರ್ ಅಂತ ಕೆರೆತ, ಆಮೇಲೆ ಫೈಬರ್ ಸೀಳಿದ್ದು, ಆಮೇಲೆ ನೀರೇ ಸಿಗದೆ ಎಂಜಿನ್ ಚೀರಿದ್ದು. ದೋಣಿ ಹಾರಿ ಹವಳದ ಮೇಲೆ ಕೂತು ಪಕ್ಕಕ್ಕೆ ವಾಲಿತು. ಕೊಮೆಸು ಹೊರಗೆ ಬಿದ್ದ. ಎದ್ದು ದೋಣಿಗೆ ಹೆಗಲು ಕೊಟ್ಟು ತಳ್ಳಲು ನೋಡಿದ. ದೋಣಿ ಜಾರಿ ಅವನ ಮೇಲೇ ಬಂತು. ಓಣಿಯ ತಗ್ಗಿನಲ್ಲಿ ಅವನು ಕುಂಡೆಯೂರಿ ಕೂತ. ಬಲಗಾಲು ಮೊಣಕಾಲಿನವರೆಗೆ ದೋಣಿಯ ಅಡಿಗೆ ಸಿಕ್ಕಿತ್ತು.

ಇಪ್ಪತ್ತು ಹೆಜ್ಜೆ ದೂರದ ನೀರಿನಲ್ಲಿ ನಾನು ಎಂಜಿನ್ ನಿಲ್ಲಿಸಿದೆ. ಅಂಗಿ ಹರಿದು ತೊಡೆಗೆ ಬಿಗಿದು ಕಟ್ಟಿದೆ. ತಲೆ ಎತ್ತಿದಾಗ, ಉಫುಜಿಯ ಗಂಡಸರು ಯಾರೂ ನೋಡದ್ದನ್ನು ನೋಡಿದೆ. ಕಡಲೇ ಇರಲಿಲ್ಲ. ಕಣ್ಣು ಹಾಯುವವರೆಗೂ ಹಸಿರು, ನೇರಳೆ, ಕಂದು ಹವಳ ಬಿಸಿಲಿಗೆ ಮೈಬಿಟ್ಟು ಬಿದ್ದಿತ್ತು. ಅದರ ಮೇಲೆ ನಲವತ್ತು ಹೆಂಗಸರು, ಬುಟ್ಟಿ ಹಿಡಿದು, ಸೆರಗಿನಂತೆ ಟವೆಲ್ ಹೊದ್ದು ನಿಂತಿದ್ದರು. ಹಸುಗೂಸಿನಿಂದ ತೊಂಬತ್ತರ ಮುದುಕಿಯವರೆಗೆ. ನಡುವೆ ನಮ್ಮಮ್ಮ, ಕೈಯಲ್ಲಿ ಚಿಪ್ಪು ಕೀಳುವ ಕಬ್ಬಿಣದ ಸಲಾಕೆ ಹಿಡಿದುಕೊಂಡು.

ಬದುಕಿದೆ ಅಂದುಕೊಂಡ ಕೊಮೆಸು. ಹೆಂಗಸರೆಲ್ಲ ಸೇರಿ ಒಂದು ಕೈ ಕೊಟ್ಟರೆ ದೋಣಿ ಎತ್ತಬಹುದು, ಬನ್ನಿ ಬನ್ನಿ ಅಂತ ಕರೆದ. ಒಬ್ಬೊಬ್ಬರನ್ನೂ ಅಕ್ಕ, ಅತ್ತೆ, ಅಜ್ಜಿ ಅಂತ ಹೆಸರು ಹಿಡಿದು ಕೂಗಿದ.

ಅಮ್ಮ ಅವನ ಪಕ್ಕವೇ ನಡೆದು ಬಂದಳು. ಅವನಿಂದ ಒಂದು ಮೊಳ ದೂರದ ಬಂಡೆಗೆ ಸಲಾಕೆ ಹಾಕಿ ಒಂದು ಚಿಪ್ಪು ಎಬ್ಬಿಸಿದಳು. ಬುಟ್ಟಿಗೆ ಹಾಕಿಕೊಂಡಳು.

"ಇಲ್ಲಿ ಚೆನ್ನಾಗಿ ಸಿಗ್ತಿದೆ ಕಣ್ರೇ," ಅಂತ ಉಳಿದವರಿಗೆ ಹೇಳಿದಳು.

ಎಲ್ಲರೂ ಬಂದರು. ಅವನ ಸುತ್ತ ಬಗ್ಗಿ ಚಿಪ್ಪು ಆರಿಸತೊಡಗಿದರು. ಯಾರ ಸೊಸೆ ಬಸುರಿ, ಈ ಸಲ ಕಬ್ಬು ಹೇಗೆ, ಇವತ್ತಿನ ಸಾರಿಗೆ ಮಿಸೊ ಎಷ್ಟು ಹಾಕಬೇಕು ಅಂತ ಮಾತಾಡಿಕೊಂಡರು. ಒಬ್ಬಳು ಅವನ ಭುಜದ ಮೇಲಿಂದ ಕೈ ಚಾಚಿ ಆಚೆಯವಳಿಗೆ ಅಕ್ಕಿ ಉಂಡೆ ಕೊಟ್ಟಳು. ಅವನ ಕಡೆ ಮಾತ್ರ ಒಬ್ಬಳೂ ನೋಡಲಿಲ್ಲ. ಕಟ್ಟಳೆ ಸ್ಪಷ್ಟವಾಗಿದೆ. ಆ ದಿನ ದಿಬ್ಬದ ಮೇಲೆ ಗಂಡಸರು ಇರುವುದಿಲ್ಲ.

ಕೊಮೆಸು ಅವರನ್ನು ಕರೆಯುವುದನ್ನು ಬಿಟ್ಟ. ನನ್ನ ಕಡೆ ತಿರುಗಿ, ಹಳೇದೆಲ್ಲ ಮರೆತುಬಿಡು ಟೋಕು, ಬಂದು ಎತ್ತು ಅಂದ. ನಾನು ಕಾಲು ಚಾಚಿಕೊಂಡು ಕೂತೆ. ನಿಜ ಹೇಳುತ್ತೇನೆ, ಅವನು ಸಾಯಲಿ ಅಂತಲೇ ನನಗಿತ್ತು. ನಿಧಾನವಾಗಿ ಸಾಯಲಿ ಅಂತಿತ್ತು.

ಒಂದು ಗಂಟೆಗೆ ನೀರು ತಿರುಗಿತು. ಓಣಿ ಎಲ್ಲಕ್ಕಿಂತ ತಗ್ಗು, ಮೊದಲು ತುಂಬುವುದು ಅದೇ. ಎರಡಾಗುವ ಹೊತ್ತಿಗೆ ಕೂತವನ ಸೊಂಟ ದಾಟಿತ್ತು. ಅವನು ಕೈ ಚಾಚಿ ದೋಣಿಯ ರೇಡಿಯೊದ ಮೈಕ್ ಎಳೆದುಕೊಂಡ. ವಯರು ಅವನ ಎದೆಯವರೆಗಷ್ಟೇ ಬಂತು. ಅಪಾಯದ ಚಾನೆಲ್ಲಿನಲ್ಲಿ, ಬಾಚಣಿಗೆ ದಿಬ್ಬ, ಕಾಪಾಡಿ ಅಂತ ಕೂಗಿದ. ಇಶಿಗಾಕಿಯ ಕಾವಲು ಪಡೆ ಉತ್ತರಿಸಿತು. ದೋಣಿಯಲ್ಲಿ ಯಾರಿದ್ದೀರಿ, ಏನಾಗಿದೆ ಅಂತ ಕೇಳಿತು.

ಆಗ ಅಮ್ಮ ಮೊದಲ ಸಲ ಅವನನ್ನು ನೋಡಿದಳು. ಅವನ ಕೈಯಿಂದ ಮೈಕ್ ತೆಗೆದುಕೊಂಡು, ಗುಂಡಿಯ ಮೇಲೆ ಹೆಬ್ಬೆರಳು ಒತ್ತಿ ಹಿಡಿದು, ಅವನ ಬಾಯಿಯ ಮುಂದೆ ಇಟ್ಟಳು.

"ನನ್ನ ಮಗಳು ದೋಣಿ ಹತ್ತಿದ್ದಳಾ?"

ಅವನು ಸುತ್ತ ನೋಡಿದ. ನಲವತ್ತು ಹೆಂಗಸರೂ ಈಗ ಅವನನ್ನೇ ನೋಡುತ್ತಿದ್ದರು. ಮೊದಲು, ಎಂಜಿನ್ ಕೆಟ್ಟಿತ್ತು ಅಂದ. ಅಮ್ಮ ಮೈಕ್ ಕದಲಿಸಲಿಲ್ಲ. ಆಮೇಲೆ, ಅಲೆ ಜೋರಾಗಿತ್ತು, ಏನೂ ಕೇಳಿಸಲಿಲ್ಲ ಅಂದ. ನೀರು ಎದೆಗೆ ಬಂತು.

"ಹತ್ತಿದ್ದಳು," ಅಂದ ಕೊನೆಗೆ. "ಒಬ್ಬಳು ಕಡಿಮೆ ಇದ್ದಾಳೆ ಅಂತ ಗೊತ್ತಿತ್ತು. ಸೀಟಿ ಊದ್ತಿದ್ದಳು. ಕೇಳಿಸ್ತು."

"ಕೇಳಿಸಿದ ಮೇಲೆ?"

"ಮುಂದಿನ ಟ್ರಿಪ್ಪಿಗೆ ಕರ್ಕೊಂಡ್ರಾಯ್ತು ಅಂದ್ಕೊಂಡೆ ಅಜ್ಜಿ. ಅಷ್ಟರಲ್ಲಿ ಗಾಳಿ ಎದ್ದು ಟ್ರಿಪ್ಪೇ ನಿಂತುಹೋಯ್ತು. ಬಾಟಲಿ ನಾನೇ ಇಟ್ಟಿದ್ದು. ಚಪ್ಪಲಿ ಒಲೆಗೆ ಹಾಕಿದೆ."

"ಆಗಲೇ ಯಾಕೆ ತಿರುಗಿಸಲಿಲ್ಲ?"

ಅವನು ಅತ್ತ. ಗಂಡಸರು ಅಳುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇದು ನಾಚಿಕೆಯ ಅಳು.

"ಹೋಟೆಲಲ್ಲಿ ಮೂವತ್ತು ಜನರಿಗೆ ತೆಂಪುರಾ ಕರಿದಿಟ್ಟಿದ್ರು. ಆರಿಹೋಗ್ತಿತ್ತು."

ಒಂದು ಮಗು ಏನೋ ಕೇಳಿತು, ಅದರ ತಾಯಿ ಸುಮ್ಮನಾಗಿಸಿದಳು. ಅಮ್ಮ ಮೈಕನ್ನು ಅವನ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದಳು.

"ಬಿಸಿ ಇತ್ತಾ, ತಿನ್ನೋವಾಗ?"

"...ಹೂಂ."

ಅಮ್ಮ ಗುಂಡಿಯಿಂದ ಹೆಬ್ಬೆರಳು ತೆಗೆದಳು. ಮೈಕನ್ನು ಅದರ ಕೊಕ್ಕೆಗೆ ನೀಟಾಗಿ ಸಿಕ್ಕಿಸಿದಳು. ಬುಟ್ಟಿ ಎತ್ತಿಕೊಂಡು, ನೀರು ಏರ್ತಿದೆ ನಡೀರಿ ಅಂದಳು. ಹೆಂಗಸರು ಮಕ್ಕಳ ಕೈ ಹಿಡಿದು ದಂಡೆಯ ಕಡೆ ಹೊರಟರು. ಕೊಮೆಸು ಚೀರಿದ, ಅವರ ಬೆನ್ನಿಗೆ ಬೈದ, ಮತ್ತೆ ಕೈ ಮುಗಿದ. ಕುಡಿದು ಸತ್ತಳು ಅಂತ ಮೊದಲು ಆಡಿದ ಅಂಗಡಿಯ ಕಾಮಡೋ ಓಡಿ ಬಂದು ಅಮ್ಮನ ಕೈಯಿಂದ ಬುಟ್ಟಿ ತೆಗೆದುಕೊಂಡು ತಾನೇ ಹೊತ್ತಳು.

ಕಾವಲು ಪಡೆಯ ರಬ್ಬರ್ ದೋಣಿ ಓಣಿಯೊಳಗೆ ಬರುವಷ್ಟು ನೀರಾಗುವ ಹೊತ್ತಿಗೆ ಅವನ ಗಲ್ಲ ಮುಳುಗಿತ್ತು. ಮೂಗು ಮೇಲೆತ್ತಿ ಉಸಿರಾಡುತ್ತಿದ್ದ. ದೋಣಿ ಎತ್ತಿ ಎಳೆದುಕೊಂಡರು. ಜೀವ ಉಳಿಯಿತು, ಕಾಲು ಉಳಿಯಲಿಲ್ಲ. ಮೂರು ಗಂಟೆಯ ವಿಮಾನ ನಮ್ಮ ತಲೆಯ ಮೇಲೇ ಹಾರಿಹೋಯಿತು. ಅವನು ಅದನ್ನು ನೋಡಿದ, ನಾನು ಅವನನ್ನು ನೋಡಿದೆ.

ರೇಡಿಯೊ ಕೇಳಿದ ಪ್ರತಿ ದೋಣಿಯೂ ಸಾಕ್ಷಿ. ಗೂಶಿ ಅದೇ ಸಂಜೆ ಪೊಲೀಸರ ಮುಂದೆ ಗಿಳಿಯಂತೆ ಮಾತಾಡಿದ. ನಲವತ್ತು ಹೆಂಗಸರನ್ನು ವಿಚಾರಿಸಿದರು. ದಿಬ್ಬದ ಮೇಲೆ ನಾವು ಯಾವ ಗಂಡಸನ್ನೂ ನೋಡಲಿಲ್ಲ ಅಂತ ನಲವತ್ತೂ ಜನ ಹೇಳಿದರು. ಇಪ್ಪತ್ತು ಹೆಜ್ಜೆ ದೂರದಲ್ಲಿ ಎರಡು ಗಂಟೆ ಕೂತಿದ್ದೆಯಲ್ಲ, ಒಂದು ಕೈ ಯಾಕೆ ಕೊಡಲಿಲ್ಲ ಅಂತ ಹೊರಗಿನಿಂದ ಬಂದ ಎಳೇ ಅಧಿಕಾರಿ ನನ್ನನ್ನು ಕೇಳಿದ. ನಾನು ಗಂಡಸು ಸ್ವಾಮಿ, ಆ ದಿನ ಅಲ್ಲಿ ಕಾಲಿಡುವ ಹಾಗಿಲ್ಲ ಅಂದೆ. ಅವನು ಪೆನ್ನು ಹಿಡಿದು ನನ್ನನ್ನು ನೋಡಿದ. ಆಮೇಲೆ ಬರೆದುಕೊಂಡ.

ಕೊಮೆಸುವಿಗೆ ಎಂಟು ವರ್ಷ ಜೈಲು ಹಾಕಿದ್ದಾರೆ. ಮೊನ್ನೆ ಆ ಜೈಲಿನಲ್ಲಿ ಕೆಲಸ ಮಾಡುವ ಪರಿಚಯದವನೊಬ್ಬ ಸಿಕ್ಕಿದ್ದ. ಕೊಮೆಸು ಅಲ್ಲಿ ಒಂದೇ ಒಂದು ದೂರು ಬರೆದು ಕೊಟ್ಟಿದ್ದಾನಂತೆ. ಊಟ ತನ್ನ ಕೋಣೆಗೆ ಬರುವ ಹೊತ್ತಿಗೆ ಆರಿ ತಣ್ಣಗಾಗಿರುತ್ತದಂತೆ.

ಅಮ್ಮನಿಗೆ ಹೇಳಿದೆ. ಅವಳು ಇನ್ನೊಂದು ಬಟ್ಟಲು ಬಿಸಿ ಅನ್ನ ಹಾಕಿಸಿಕೊಂಡಳು.